ಪರಭಾಷೆಯ ಚಿತ್ರವೂ ಊರಿನ ಸಭೆಯೂ

ಪರಭಾಷೆಯ ಚಲಚ್ಚಿತ್ರವೊಂದನ್ನು ಊರವರಿಗೆ ತೋರಿಸಹೊರಟಾಗ, ಮಾತು ತಿಳಿಯದವರಿಗೆ ರಸಾನುಭವ ಹೇಗಾದೀತು ಎಂಬ ಆಕ್ಷೇಪ ಏಳುವುದು ಸಹಜ. ಇಟಲಿಯ ವಿತ್ತೋರಿಯೋ ದೆ ಸೀಕಾ 1948ರಲ್ಲಿ ನಿರ್ದೇಶಿಸಿದ ‘ಬೈಸಿಕಲ್ ಕಳ್ಳರು’ ಚಿತ್ರವನ್ನು ಮುಂದಿಟ್ಟುಕೊಂಡು ಈ ಆಕ್ಷೇಪವನ್ನು ಪರಿಶೀಲಿಸೋಣ. 1952ರಲ್ಲಿ ಮುಂಬಯಿಯಲ್ಲಿ ಆರಂಭವಾದ ಭಾರತದ ಪ್ರಥಮ ಅಂತರರಾಷ್ಟ್ರೀಯ ಚಲಚ್ಚಿತ್ರೋತ್ಸವದಲ್ಲಿ ನಮ್ಮ ದೇಶದ ಪ್ರೇಕ್ಷಕರು ಇದನ್ನು ಕಂಡು ಮನಸೋತರು.

ಕಥೆ ಸರಳವಾದುದು. ಮಹಾಯುದ್ಧ ಮುಗಿದ ಮೇಲಿನ ರೋಮ್ ನಗರ. ಕೆಲಸವಿಲ್ಲದ ಆಂತೋನಿಯೋ ರಿಚ್ಚಿಗೆ ಗೋಡೆಗಳ ಮೇಲೆ ಜಾಹೀರಾತು ಅಂಟಿಸುವ ಕೆಲಸ ದೊರೆಯುತ್ತದೆ; ಆದರೆ ಬೈಸಿಕಲ್ ಇರಲೇಬೇಕು. ಅಡವಿಟ್ಟ ಬೈಸಿಕಲನ್ನು ಬಿಡಿಸಲು ಹೆಂಡತಿ ಮರಿಯಾ ಹಾಸಿಗೆಯ ದುಪ್ಪಟಿಗಳನ್ನು ಒಯ್ದು ಒತ್ತೆಯಿಡುತ್ತಾಳೆ. ಗಿರವಿ ಅಂಗಡಿಯ ಆಳು ಆ ಗಂಟನ್ನು ಹೊತ್ತು ಎತ್ತರದ ಅಟ್ಟಣೆಯನ್ನೇರುತ್ತಾನೆ. ಅಲ್ಲಿ ಅಂಥವೇ ಗಂಟುಗಳ ಸಾಲು ಸಾಲು! ಬಡತನ ಒಂದು ಮನೆಯದಲ್ಲ, ಊರಿಗೆ ಊರಿನದೇ ಎಂಬುದು ಮಾತಿನ ನೆರವಿಲ್ಲದೆ ಧ್ವನಿತವಾಗುತ್ತದೆ.

ಕೆಲಸದ ಮೊದಲ ದಿನವೇ ಬೈಸಿಕಲ್ ಕಳವಾಗುತ್ತದೆ. ಬಾಲಕ ಬ್ರೂನೋನೊಡನೆ ತಂದೆ ನಗರವನ್ನೆಲ್ಲ ಅಲೆದು, ಕಂಗೆಟ್ಟು, ಕೊನೆಗೆ ತಾನೇ ಒಂದು ಬೈಸಿಕಲ್ ಕದ್ದು ಸಿಕ್ಕಿಬೀಳುತ್ತಾನೆ. ಜನ ಅವನ ಕೆನ್ನೆಗೆ ಹೊಡೆಯುತ್ತಾರೆ. ನೆಲಕ್ಕೆ ಬಿದ್ದ ತಂದೆಯ ಟೊಪ್ಪಿಗೆಯನ್ನೆತ್ತಿ, ಅಳುತ್ತಳುತ್ತಲೇ ಮಗು ಧೂಳು ಕೊಡವುತ್ತದೆ. ಮಗುವಿನ ಮುಖ ಕಂಡ ಬೈಸಿಕಲ್ಲಿನ ಯಜಮಾನ ದೂರು ಕೊಡದೆ ಬಿಟ್ಟುಬಿಡುತ್ತಾನೆ. ‘ಕಳ್ಳರು’ ಎಂಬ ಬಹುವಚನದ ಅರ್ಥ ಇಲ್ಲಿ ಬೆಳಗುತ್ತದೆ. ಅಮೆರಿಕದಲ್ಲಿ ಇದನ್ನು ‘ಬೈಸಿಕಲ್ ಕಳ್ಳ’ ಎಂದು ಏಕವಚನದಲ್ಲಿ ಕರೆದರು. ಅದರಿಂದ ಚಿತ್ರದ ಮರ್ಮವೇ ಮರೆಯಾಯಿತು.

ದೋಷವಿಲ್ಲವೆಂದಲ್ಲ. ಚಿಕೊನ್ಯೀನಿಯ ಸಂಗೀತವು ನಾವಾಗಿ ಕರಗುವ ಮೊದಲೇ ಅಳಿರೆಂದು ಅಲ್ಲಲ್ಲಿ ಒತ್ತಾಯಿಸುತ್ತದೆ. ಆದರೆ ರಿಚ್ಚಿಯ ಪಾತ್ರ ವಹಿಸಿದ ಲಾಂಬೆರ್ತೋ ಮಾಜ್ಜೊರಾನಿ ನಟನಲ್ಲ, ಕಾರ್ಖಾನೆಯ ಕೆಲಸಗಾರ. ಆತನ ನಡಿಗೆಯಲ್ಲಿ ಅಭಿನಯದ ಸೋಂಕೇ ಇಲ್ಲ.

ಈ ಚಿತ್ರವನ್ನು ಊರವರು ಒಟ್ಟಾಗಿ ಕುಳಿತೇ ನೋಡಬೇಕೆಂದು ನಾವು ಹೇಳುವುದಕ್ಕೆ ಬಲವಾದ ಕಾರಣವುಂಟು. ತೆರೆಯ ಮೇಲಿನ ಗುಂಪಿಗೆ ರಿಚ್ಚಿ ಬರಿಯ ಕಳ್ಳ. ತೆರೆಯ ಮುಂದಿನ ಗುಂಪಿಗೆ ಅವನ ಮನೆಯ ದುಪ್ಪಟಿಯ ಸಂಗತಿಯೂ ಗೊತ್ತು. ನಾಳೆ ನಮ್ಮ ಸಂತೆಯಲ್ಲೊಬ್ಬ ಸಿಕ್ಕಿಬಿದ್ದಾಗ ನಾವು ಯಾವ ಗುಂಪಾಗುವೆವು? ಈ ಪ್ರಶ್ನೆ ಒಬ್ಬಂಟಿ ಪ್ರೇಕ್ಷಕನಿಗಿಂತ ಸಭೆಗೆ ಹೆಚ್ಚು ತಟ್ಟುತ್ತದೆ.

ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೀನಾಸಮ್ ಸಂಸ್ಥೆಯು 1973ರಲ್ಲಿ ಚಿತ್ರಸಮಾಜವನ್ನು ಸ್ಥಾಪಿಸಿ, ಲೋಕದ ಶ್ರೇಷ್ಠ ಚಿತ್ರಗಳನ್ನು ಹಳ್ಳಿಗರ ಮುಂದಿಟ್ಟಿತು. ಅದರ ರೂವಾರಿ ಕೆ. ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಹಳ್ಳಿಗರಿಗೆ ಇವೆಲ್ಲ ಎಟುಕವೆಂಬ ಮಾತಿಗೆ ಇದೇ ಉತ್ತರ.

ಮನೆಯ ನುಡಿಯೊಂದು, ಬೀದಿಯ ನುಡಿಯೊಂದು, ಕಚೇರಿಯ ನುಡಿ ಮತ್ತೊಂದು ಆಗಿರುವ ಗಡಿನಾಡಿನ ಉಪಾಧ್ಯಾಯರು ಮಾತಿಗೆ ಮೊದಲು ಮುಖವನ್ನೋದಲು ಬಲ್ಲವರು. ಚಿತ್ರಕ್ಕೆ ಮುಂಚೆ ಅವರು ಕಥೆಯ ಎಳೆಯನ್ನು ಕನ್ನಡದಲ್ಲಿ ನಾಲ್ಕು ಮಾತಿನಲ್ಲಿ ಹೇಳಲಿ. ಆದರೆ ಬ್ರೂನೋ ಟೊಪ್ಪಿಗೆಯ ಧೂಳು ಕೊಡವುವಾಗ ಮಾತ್ರ ಯಾರೂ ವ್ಯಾಖ್ಯಾನಕ್ಕೆ ತೊಡಗದಿರಲಿ.