ರಟ್ಟಶಾಸನಗಳಲ್ಲಿ ವಿಶ್ವವೂ ಮನುಷ್ಯನೂ

ಇಂದಿನ ಸವದತ್ತಿಯೇ ಹಿಂದಿನ ಸುಗಂಧವರ್ತಿ. ಕೂಂಡಿ ಮೂರುಸಾಸಿರವನ್ನಾಳಿದ ರಟ್ಟರ ನೆಲೆ. ಅವರ ಶಾಸನಕವಿಗಳಲ್ಲಿ ಕೆಲವರು ಸಮುದ್ರ, ಜಂಬೂದ್ವೀಪ, ಮೇರು, ಭರತಕ್ಷೇತ್ರ, ಕುಂತಲಗಳನ್ನು ವರ್ಣಿಸಿ ಕಡೆಗೆ ಒಂದೂರಿಗೆ ಇಳಿಯುವರು. ವರ್ಣನೆಯು ಬಳಕೆಯಿಂದ ಸವೆದಿರುವುದು ದಿಟ. ಆದರೂ ಬರಿಯ ಕವಿಸಮಯವೆಂದು ತಳ್ಳುವುದು ಯುಕ್ತವಲ್ಲ. ವಿಶ್ವವು ಕಿರಿದಾಗುತ್ತ ಬಂದು ದಾನಗೈವ ಮನುಷ್ಯನಲ್ಲಿ ನಿಲ್ಲುವುದೇ ಈ ರಚನೆಯ ಅರ್ಥ. ಆ ದಾನಕ್ಕೆ ಅವಧಿ ‘ಆಚಂದ್ರಾರ್ಕ’.

೧೯೯೦ರಲ್ಲಿ ವಾಯೇಜರ್ ನೌಕೆಯು ಸುಮಾರು ೬೦೦ ಕೋಟಿ ಕಿಲೋಮೀಟರ್ ದೂರದಿಂದ ತೆಗೆದ ಚಿತ್ರದಲ್ಲಿ ಭೂಮಿಯು ಬಿಂದುಮಾತ್ರ. ಶಾಸನಕ್ಕೆ ಸಾಕ್ಷಿಯಾಗಿದ್ದ ಚಂದ್ರನು ೨೦೨೩ರ ಚಂದ್ರಯಾನದಿಂದ ಭಾರತೀಯರ ಯಂತ್ರವು ಇಳಿದು ಸಂಚರಿಸಿದ ನೆಲವಾದನು. ಮೇರುವನ್ನು ನಡುವಿಟ್ಟ ಭೂವಿವರಣೆಯು ಇಂದು ನಿಲ್ಲದು. ಅಪಾರದ ನಡುವೆ ತನ್ನೂರಿನ ಹೊಣೆಯನ್ನು ಹೊತ್ತವನೇ ಮನುಷ್ಯನೆಂಬ ನಿರ್ಣಯವು ಮಾತ್ರ ಅಳಿದಿಲ್ಲ.