ಅರಣ್ಯ ವರ್ಗೀಕರಣವೂ ಹುಲ್ಲುಗಾವಲೂ: ಒಂದು ವಿಮರ್ಶೆ

ಎಚ್. ಜಿ. ಚಾಂಪಿಯನ್ನರು 1936ರಲ್ಲಿ ರಚಿಸಿದ ಭಾರತೀಯ ಅರಣ್ಯ ವರ್ಗೀಕರಣವನ್ನು ಎಸ್. ಕೆ. ಸೇಠ್ ಅವರೊಡನೆ 1968ರಲ್ಲಿ ಪರಿಷ್ಕರಿಸಿದರು. ಅರಣ್ಯಗಳನ್ನು 16 ಗುಂಪುಗಳಾಗಿ ವಿಂಗಡಿಸಿದ ಈ ಕೃತಿಯ ಉಪಕಾರ ದೊಡ್ಡದು. ಇಂದಿನ ಅರಣ್ಯ ಸಮೀಕ್ಷೆಗಳಿಗೂ ಇದೇ ತಳಹದಿ. ಆದರೆ ಇಲ್ಲಿ ಮರವೇ ಮಾನದಂಡ. ಒಣನಾಡಿನ ಹುಲ್ಲುಗಾವಲು ಬಹುಮಟ್ಟಿಗೆ ಕೆಟ್ಟ ಕಾಡಿನ ಅವಶೇಷವೆಂದೇ ಎಣಿಕೆಯಾಗುತ್ತದೆ. ಕೊರತೆಯೆಂದು ಕಂಡುದನ್ನು ಮರ ನೆಟ್ಟು ತುಂಬಲು ಹೊರಡುವುದು ಸಹಜವಷ್ಟೆ. ರಾಣೆಬೆನ್ನೂರಿನಲ್ಲಿ 1974ರಲ್ಲಿ ಸ್ಥಾಪಿತವಾದ 119 ಚದರ ಕಿಲೋಮೀಟರಿನ ಕೃಷ್ಣಮೃಗ ಧಾಮದಲ್ಲಿಯೂ ನೀಲಗಿರಿ ತೋಪುಗಳು ವಿಸ್ತಾರವಾಗಿ ಹಬ್ಬಿದವು. ಬಯಲನ್ನು ಬಯಸುವ ಕೃಷ್ಣಮೃಗಕ್ಕಾಗಲಿ ಎರೆಭೂತ ಪಕ್ಷಿಗಾಗಲಿ ಅವು ತಕ್ಕ ನೆಲೆಯಲ್ಲ. ಹುಲ್ಲುಗಾವಲುಗಳೆಲ್ಲವೂ ಪ್ರಾಚೀನವೆಂಬುದು ನಮ್ಮ ವಾದವಲ್ಲ. ಕಡಿತ, ಮೇವು, ಬೆಂಕಿಗಳಿಂದಾದವೂ ಉಂಟು. ಇವೆರಡನ್ನು ಬೇರ್ಪಡಿಸಿ ಹೆಸರಿಡದ ವರ್ಗೀಕರಣವು ಸಂರಕ್ಷಣೆಗೆ ಅಪೂರ್ಣವಾದ ಸಾಧನವೆಂದೇ ಹೇಳಬೇಕಾಗುತ್ತದೆ.