ಹರಿದ ಫೋಟೋದ ಇನ್ನೊಂದು ಅರ್ಧ

ಯುರೋಪಿನ ವಲಸೆ ಕಾರ್ಮಿಕರನ್ನು ಕುರಿತ ‘ಎ ಸೆವೆಂತ್ ಮ್ಯಾನ್’ (1975) ಪುಸ್ತಕದಲ್ಲಿ ಝಾನ್ ಮೋರ್ ತೆಗೆದ ಚಿತ್ರಗಳಿಗಿಂತ ನನ್ನನ್ನು ಕಾಡುವುದು ಜಾನ್ ಬರ್ಜರ್ ಹೇಳುವ ಒಂದು ಹರಿದ ಫೋಟೋ. ಕದ್ದು ಗಡಿ ದಾಟುವ ಪೋರ್ಚುಗೀಸರು ಹೊರಡುವ ಮುನ್ನ ಫೋಟೋ ತೆಗೆಸಿ, ಎರಡಾಗಿ ಹರಿದು, ಅರ್ಧವನ್ನು ದಾರಿ ತೋರಿಸುವವನ ಕೈಗಿಡುತ್ತಿದ್ದರು. ಫ್ರಾನ್ಸ್ ಮುಟ್ಟಿದ ಮೇಲೆ ತಮ್ಮ ಅರ್ಧವನ್ನು ಮನೆಗೆ ಕಳಿಸುವರು. ಆತ ತನ್ನ ತುಂಡನ್ನು ತಂದು ತೋರಿಸಿದರಷ್ಟೇ ಅವನಿಗೆ 350 ಡಾಲರ್. ಇಲ್ಲಿ ಫೋಟೋ ಮಾಡುವುದು ರಸೀದಿಯ ಕೆಲಸ. ವಲಸಿಗರ ಫೋಟೋ ಎಂದೊಡನೆ ಹಂಬಲದ ಮಾತಿಗಿಳಿಯುವ ನಮ್ಮ ವಿಮರ್ಶೆಗೆ ಇದು ತುಸು ಮುಜುಗರದ್ದೇ.

ಆದರೆ ಊರಿನಲ್ಲಿ ಕೂತು ಎರಡು ತುಂಡುಗಳ ಅಂಚು ಹೊಂದಿಸಿ ನೋಡಿದವರು ಯಾರು? ಪುಸ್ತಕ ಗಂಡಸರನ್ನಷ್ಟೇ ಹಿಂಬಾಲಿಸುತ್ತದೆ, ಹಾಗೆಂದು ಮೊದಲೇ ಹೇಳಿಯೂಬಿಡುತ್ತದೆ. ಹೆಂಡತಿಯೋ ತಾಯಿಯೋ, ಆ ಫೋಟೋವನ್ನು ಎಲ್ಲರಿಗಿಂತ ಎಚ್ಚರದಿಂದ ಓದಿದವಳ ಮುಖ ಅಲ್ಲಿಲ್ಲ.